ಗಿಳಿಹಸಿರು ಸ್ವೆಟರಿನ ಬಾಣಂತಿ

ಪುಷ್ಯ ಮಾಸದ ಚಳಿ ಬಿದ್ದಿತೆಂದರೆ ನಮ್ಮ ಅತ್ತೆಯವರ ಕಿವಿಗಳು ಮೊದಲು ಕೆಂಪಾಗಿ, ಆಮೇಲೆ ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿದ್ದವು. ಮೇಲೆ ಬುಗುಡಿ, ಕೆಳಗೆ ತೂಕದ ಝುಮಕಿ. ನಸುಕಿನಲ್ಲಿ ಆ ಬಂಗಾರ ತಣ್ಣಗಾಗಿ ಕಿವಿಯನ್ನು ಕಡಿಯುತ್ತಿತ್ತು. ಒಲೆ ಹೊತ್ತಿಸಿದ ಕೂಡಲೇ ಅವರು ಎರಡೂ ಅಂಗೈಗಳನ್ನು ಉರಿಗೆ ಹಿಡಿದು ಕಾಸಿ, ಕಿವಿಗಳ ಮೇಲೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂಡುತ್ತಿದ್ದರು. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ನಾನದನ್ನು ಪ್ರೇಯರ್ ಎಂದುಕೊಂಡು, ಮುಗಿಯುವ ತನಕ ಅಡುಗೆಮನೆಯ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದೆ. ಚ್ಯಾಪೆಲ್‌ನಲ್ಲಿ ನಿಂತು ರೂಢಿಯಾಗಿದ್ದ ಹುಡುಗಿ ನಾನು. ಅವರು ಒಂದೇ ಕಣ್ಣು ತೆರೆದು, "ಯಾಕ ನಿಂತಿ? ಕಿವಿ ಕಾಸಾಕತ್ತೇನಿ, ಪೂಜಾ ಅಲ್ಲ" ಅಂದರು.

ಅಷ್ಟು ಚಳಿಯಲ್ಲೂ ಅವರು ಕಿವಿಗೆ ಒಂದು ಬಟ್ಟೆ ಕಟ್ಟಿದವರಲ್ಲ. ಸೆರಗನ್ನು ಬಿಗಿಯಾಗಿ ಸುತ್ತಿ ಹೊರಟರೆಂದರೆ ಮುಗಿಯಿತು. ಚಳಿ ಅನ್ನುವುದು ಕೂತವರಿಗೆ, ಕೆಲಸ ಮಾಡುವವರಿಗಲ್ಲ ಎಂಬುದು ಅವರ ಲೆಕ್ಕ.

ನನ್ನ ಲೆಕ್ಕ ಬೇರೆಯಿತ್ತು. ನಾನು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬೆಳೆದವಳು. ನಮಗೆ ಸಿಸ್ಟರ್ ಒಬ್ಬರು ನಾಲ್ಕನೇ ಇಯತ್ತೆಯಲ್ಲೇ ಹೆಣಿಗೆ ಕಲಿಸಿದ್ದರು. ಟೂ ಪ್ಲೇನ್, ಟೂ ಪರ್ಲ್ ಎನ್ನುತ್ತ ಬೆರಳು ಮರಗಟ್ಟುವ ತನಕ ಹೆಣೆಯುತ್ತಿದ್ದೆವು. ಡಿಸೆಂಬರಿನಲ್ಲಿ ಬ್ರೇಕ್‌ಫಾಸ್ಟಿಗೆ ಮೊದಲು ನಮ್ಮನ್ನು ಸಾಲಾಗಿ ವಾಕಿಂಗ್ ಕರೆದೊಯ್ಯುತ್ತಿದ್ದರು. ಉದ್ದ ತೋಳಿನ ಬ್ಲೌಸು, ಮೇಲೊಂದು ಕಾರ್ಡಿಗನ್, ಕಿವಿ ಮುಚ್ಚುವ ಸ್ಕಾರ್ಫು, ಕಾಲಿಗೆ ಉಣ್ಣೆಯ ಸಾಕ್ಸು. ಮೈಯೆಲ್ಲ ಬೆಚ್ಚಗಿದ್ದು ಮೂಗಿನ ತುದಿ ಮಾತ್ರ ತಣ್ಣಗಿರಬೇಕು, ಆಗ ಮಾತ್ರ ಅದು ವಿಂಟರ್, ಇಲ್ಲವಾದರೆ ಅದು ಬರೀ ಕಷ್ಟ ಎಂದು ಸಿಸ್ಟರ್ ಹೇಳುತ್ತಿದ್ದರು. ಮಂಜಿನೊಳಗೆ ಬಾಯಿಂದ ಹೊಗೆ ಬಿಡುತ್ತ ನಡೆಯುವ ಆ ಸುಖ ನನ್ನ ಮೈಯಲ್ಲಿ ಸೇರಿಬಿಟ್ಟಿತ್ತು.

ಇಪ್ಪತ್ತೆರಡಕ್ಕೆ ಮದುವೆಯಾಗಿ ಹುಕ್ಕೇರಿ ತಾಲೂಕಿನ ಘೋಡಗೇರಿಗೆ ಬಂದೆ. ಪೆಟ್ಟಿಗೆಯಲ್ಲಿ ನಾನೇ ಹೆಣೆದ ಮೂರು ಕಾರ್ಡಿಗನ್, ಒಂದು ಜೋಡಿ ಹೆಣಿಗೆ ಕಡ್ಡಿ. ಮನೆಯಲ್ಲಿ ಅತ್ತೆಯವರು, ಅವರ ಒಬ್ಬನೇ ಮಗ. ಮಾವನವರು ಮೊದಲೇ ತೀರಿಕೊಂಡಿದ್ದರು. ನಮ್ಮವರು ಹಿಡಕಲ್ ಡ್ಯಾಮಿನ ಆಫೀಸಿನಲ್ಲಿದ್ದರು, ಶನಿವಾರ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದರು. ಹೀಗಾಗಿ ನಾನು ಸಂಸಾರ ಮಾಡಿದ್ದು ಹೆಚ್ಚಾಗಿ ಅತ್ತೆಯವರ ಜೊತೆಗೇ.

ಬಂದ ವರ್ಷ ಚಳಿ ಶುರುವಾದಾಗ ಖುಷಿಯಿಂದ ಮರೂನ್ ಬಣ್ಣದ ಕಾರ್ಡಿಗನ್ ತೊಟ್ಟು, ಕಿವಿಗೆ ಸ್ಕಾರ್ಫ್ ಬಿಗಿದು ಹೊರಗೆ ಹೊರಟೆ. ಅತ್ತೆಯವರು ಹೊಸ್ತಿಲಲ್ಲಿ ಅಡ್ಡ ನಿಂತರು. ಆ ಕಡೆ ಗಂಡಸರು ಮಫ್ಲರ್ ಸುತ್ತಿಕೊಳ್ಳುತ್ತಿದ್ದರು, ಸ್ವೆಟರ್ ಹಾಕುತ್ತಿದ್ದರು, ಕಂಬಳಿ ಹೊದೆಯುತ್ತಿದ್ದರು. ಹೆಂಗಸು ಸ್ವೆಟರ್ ಹಾಕಿ ಕಿವಿ ಕಟ್ಟಿಕೊಳ್ಳುವುದು ಒಂದೇ ಕಾಲದಲ್ಲಿ, ಬಾಣಂತಿಯಾದಾಗ. ಕಂಡವರು ಏನು ತಿಳಿದಾರು? "ಮನ್ಯಾಗ ಎಷ್ಟರೆ ಹಾಕ್ಕೋ, ಹೊಸ್ತಿಲಾ ದಾಟಬ್ಯಾಡ" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ಹೊಸ ಸೊಸೆಗೆ ಇದೂ ಗೊತ್ತಿಲ್ಲವಲ್ಲ ಎಂಬ ಬೇಜಾರಿತ್ತು ಅಷ್ಟೆ.

ಐದು ಚಳಿಗಾಲ ನಾನು ಕಾರ್ಡಿಗನ್ ತೊಟ್ಟು ಹಿತ್ತಲ ಬಾವಿಯ ತನಕ ವಾಕಿಂಗ್ ಮಾಡಿದೆ. ಐದೂ ವರ್ಷ ಮಕ್ಕಳಾಗಲಿಲ್ಲ. ಗೋಕಾಕದ ಡಾಕ್ಟರು ಇಬ್ಬರಲ್ಲೂ ಏನೂ ತೊಂದರೆಯಿಲ್ಲ ಅಂದಿದ್ದರು. ಏನೂ ಇಲ್ಲ ಅನ್ನುವುದೇ ದೊಡ್ಡ ತೊಂದರೆಯಾಯಿತು. ಅತ್ತೆಯವರು ಬಾಯಿಬಿಟ್ಟು ಒಂದು ಮಾತು ಕೇಳಿದವರಲ್ಲ. ಆದರೆ ಓಣಿಯಲ್ಲಿ ಯಾರದಾದರೂ ತೊಟ್ಟಿಲಿಗೆ ಹೋಗಿ ಬಂದ ದಿನ ನನ್ನ ಮುಖ ನೋಡದೆ ಊಟ ಮುಗಿಸುತ್ತಿದ್ದರು.

ಆರನೇ ಚಳಿಗಾಲದಲ್ಲಿ ಅವರಿಗೆ ನನ್ನ ಕೈ ಬೇಕಾಯಿತು. ನಮ್ಮ ಎರೆಹೊಲದಲ್ಲಿ ಕಡಲೆ ಇತ್ತು. ಚಳಿ ಜೋರಾದಾಗ ಕಡಲೆಯ ಎಲೆಯ ಮೇಲೆ ಬೀಳುವ ಇಬ್ಬನಿ ಹುಳಿಯಾಗುತ್ತದೆ. ಬಿಸಿಲು ಏರುವುದರೊಳಗೆ ಇಬ್ಬರು ಎರಡು ತುದಿ ಹಿಡಿದು, ಒಗೆದ ಧೋತರವನ್ನು ಬೆಳೆಯ ಮೇಲೆ ಎಳೆದುಕೊಂಡು ಹೋಗಬೇಕು. ಇಬ್ಬನಿ ಕುಡಿದು ಭಾರವಾದ ಬಟ್ಟೆಯನ್ನು ಗಡಿಗೆಗೆ ಹಿಂಡಬೇಕು. ಹೊಟ್ಟೆನೋವಿಗೆ ಅದೇ ಔಷಧ. ಇಡೀ ಓಣಿ ನಮ್ಮ ಮನೆಯ ಕಡಲೆ ಹುಳಿಗೆ ಬರುತ್ತಿತ್ತು. ಪ್ರತಿವರ್ಷ ಅವರ ಜೊತೆ ಧೋತರ ಹಿಡಿಯುತ್ತಿದ್ದ ನೆರೆಮನೆಯಾಕೆ ಆ ವರ್ಷ ಮಗಳ ಊರಿಗೆ ಹೋಗಿದ್ದಳು. ನೀನು ಬಾ ಅಂದರು. ಸ್ವೆಟರ್ ಇಲ್ಲದೆ ಬರುವುದಿಲ್ಲ ಎಂದು ನಾನು ಹಟ ಹಿಡಿದೆ. ಕೊನೆಗೆ, ಕತ್ತಲಿದ್ದಾಗ ಹೋಗಿ ಬೆಳಕು ಹರಿಯುವುದರೊಳಗೆ ಬಂದುಬಿಡೋಣ ಎಂದು ಒಪ್ಪಿದರು.

ಓಹ್, ಆ ನಸುಕು. ಸಾಕ್ಸಿನ ಹೆಬ್ಬೆರಳಿನ ಹತ್ತಿರ ಕತ್ತರಿಸಿ, ಚಪ್ಪಲಿಯ ಉಂಗುಟ ಹಿಡಿಯುವಂತೆ ಹೊಲಿದುಕೊಂಡಿದ್ದೆ. ಅದನ್ನು ನೋಡಿ ಅತ್ತೆಯವರು ನಡೆಯುತ್ತಲೇ ನಕ್ಕಿದ್ದರು. ಹೊಲದ ಮೇಲೆ ಮಂಜು ಮೊಣಕಾಲೆತ್ತರ ನಿಂತಿತ್ತು. ಒದ್ದೆ ಬಟ್ಟೆ ಹಿಂಡುವಾಗ ಅಂಗೈಯ ಬಿರುಕುಗಳಿಗೆ ಹುಳಿ ತಾಗಿ ಅವರು ಹಲ್ಲು ಕಚ್ಚುತ್ತಿದ್ದರು, ನಾನು ಮೂಗಿನ ತುದಿ ಮುಟ್ಟಿಕೊಂಡು ಸುಖಪಡುತ್ತಿದ್ದೆ. ಬೆಳಕು ಹರಿದದ್ದು ಇಬ್ಬರಿಗೂ ತಿಳಿಯಲಿಲ್ಲ. ತಿರುಗಿ ಬರುವಾಗ ರಸ್ತೆಯಲ್ಲಿ ಬಸ್ಸು ಎದುರಾಯಿತು. ಕಿಟಕಿಯಲ್ಲಿ ಊರೂರು ತಿರುಗುವ ಬಳೆಗಾರ್ತಿ ಕೂತಿದ್ದಳು. ನನ್ನನ್ನು ಕಂಡು ಅವಳ ಬಾಯಿ ತೆರೆದದ್ದನ್ನು ನಾನು ನೋಡಿದೆ.

ಎಂಟು ದಿನಕ್ಕೆ ಮೂಡಲಗಿಯಿಂದ ಆಯಿ ಬಂದರು. ಅವರು ನಮ್ಮ ಮಾವನವರ ಅಕ್ಕ, ಮೊಣಕಾಲು ಬೇನೆಯಿಂದ ಎರಡು ವರ್ಷ ನಮ್ಮೂರಿಗೆ ಬಂದಿರಲಿಲ್ಲ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಗಡಿನ ಡಬ್ಬಿ, ಬಗಲಲ್ಲಿ ಬಟ್ಟೆಯ ಗಂಟು. ಡಬ್ಬಿಯ ತುಂಬ ಅಂಟಿನುಂಡಿ, ಒಣಕೊಬ್ಬರಿ ಉತ್ತತ್ತಿ ಹಾಕಿ ಬಾಣಂತಿಯರಿಗೆಂದೇ ಕಟ್ಟುವ ಉಂಡೆ. ಗಂಟಿನಲ್ಲಿ ಕೂಸಿನ ತಲೆಗೆ ಕಟ್ಟುವ ಕುಂಚಿಗೆ. ಮನೆಯಲ್ಲಿ ಕೂಸು ಹುಟ್ಟಿದ ಸುದ್ದಿಯನ್ನು ಬಳೆಗಾರ್ತಿಯ ಬಾಯಲ್ಲಿ ಕೇಳಬೇಕಾಯಿತೇ ಎಂದು ಅರ್ಧ ಸಿಟ್ಟು, ಅರ್ಧ ಆನಂದ. ಬಾಣಂತಿಯನ್ನು ಮಂಜಿನಲ್ಲಿ ತಿರುಗಾಡಲು ಬಿಟ್ಟಿದ್ದಕ್ಕೆ ಅತ್ತೆಯವರಿಗೆ ಬಾಗಿಲಲ್ಲೇ ಬೈದು, ನಡುಮನೆಗೆ ಬಂದು, ತೊಲೆಯ ಕಡೆ ಕತ್ತೆತ್ತಿದರು.

"ತೊಟ್ಟಲಾ ಎಲ್ಲಿ ಕಟ್ಟೀರಿ?"

ನಾನು ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ನನ್ನ ಕೈ ನಿಂತಿತು. ಅತ್ತೆಯವರು ಬಹಳ ಮೆಲ್ಲಗೆ, "ತೊಟ್ಟಲಾ ಇಲ್ರೀ ಅಕ್ಕಾರ. ಆಕಿಗೆ ಥಂಡಿ ಆಗಿತ್ತು, ಅಷ್ಟ" ಅಂದರು.

ಆಯಿ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಕುಂಚಿಗೆಯನ್ನು ಮಡಿಸಿ, ಇನ್ನೂ ಸಣ್ಣದಾಗಿ ಮಡಿಸಿ, ಗಂಟಿನೊಳಗೆ ತುರುಕಿದರು. ಊಟಕ್ಕೆ ಕೂತಾಗ ನಾನು ರೊಟ್ಟಿ ಬಡಿಸುತ್ತಿದ್ದಂತೆಯೇ ಮಾತು ತೆಗೆದರು. ತುಕ್ಕಾನಟ್ಟಿಯಲ್ಲಿ ಅವರ ಮಗಳ ಮಗಳೊಬ್ಬಳಿದ್ದಳು, ಮದುವೆಗೆ ಬಂದವಳು. "ಈಕೀನೂ ಇರಲಿ, ಯಾರ ಬ್ಯಾಡಂತಾರ? ಅಕೀನೂ ಬರಲಿ. ತಮ್ಮನ ವಂಶಾ ಮುಂದ ಹೋಗಬೇಕಿಲ್ಲ?" ಅಂದರು.

ಅತ್ತೆಯವರು ಇಲ್ಲ ಅನ್ನುತ್ತಾರೆಂದು ನಾನು ಕಾದೆ. ಫ್ರ್ಯಾಂಕ್ಲಿ, ನನಗೆ ಖಾತ್ರಿಯೇ ಇತ್ತು. ಅವರು ರೊಟ್ಟಿ ಮುರಿಯುತ್ತ, ಬರುವ ಸೋಮವಾರ ಬಂದು ಹುಡುಗಿಯನ್ನು ನೋಡುತ್ತೇನೆ ಅಂದರು.

ಶನಿವಾರ ನಮ್ಮವರಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಅವ್ವ ಏನು ಮಾಡುತ್ತಾಳೋ ಮಾಡಲಿ ಎಂದು, ಮುಖ ತೊಳೆದು ಟವೆಲ್ಲಿನಿಂದ ಬಹಳ ಹೊತ್ತು ಒರೆಸಿಕೊಂಡರು. ಅವರನ್ನು ನಾನು ಎಂದೋ ಕ್ಷಮಿಸಿದ್ದೇನೆ. ಆ ಟವೆಲ್ಲನ್ನು ಮಾತ್ರ ಇನ್ನೂ ಕ್ಷಮಿಸಲಾಗಿಲ್ಲ.

ಸೋಮವಾರ ಆ ವರ್ಷದ ಅತಿ ದೊಡ್ಡ ಚಳಿ. ಅತ್ತೆಯವರು ಇಳಕಲ್ಲ ಸೀರೆ ಉಟ್ಟು ಮೊದಲ ಬಸ್ಸಿಗೆ ಸಿದ್ಧರಾಗಿದ್ದರು. ಕಡಲೆ ಹೊಲದ ಇಬ್ಬನಿ ಹಿಡಿದ ದಿನದಿಂದ ಅವರಿಗೆ ಕೆಮ್ಮು ಬಿಟ್ಟಿರಲಿಲ್ಲ. ನಾನು ಮರೂನ್ ಕಾರ್ಡಿಗನ್ ತಂದು ಹಿಡಿದೆ. ಬೇಡ ಅಂದರು.

"ಹೆಣ್ಣ ನೋಡಾಕ ಹೋದಲ್ಲಿ ಕೆಮ್ಮಕೋತ ಕುಂದ್ರಬಾರದ್ರಿ ಅತ್ತಿ. ಮನ್ಯಾಗ ರೋಗ ಐತಿ ಅಂತಾರ."

ಅದು ಕಾಳಜಿಯೋ ಕುಟುಕೋ? ಎರಡೂ ಇದ್ದಿರಬೇಕು. ಅತ್ತೆಯವರು ನನ್ನ ಮುಖ ನೋಡಲಿಲ್ಲ, ಆದರೆ ಎರಡೂ ಕೈ ಮುಂದೆ ಚಾಚಿದರು. ನಾನು ತೋಳು ಏರಿಸಿದೆ, ಉದ್ದವಾದ ತುದಿಯನ್ನು ಮಡಿಸಿದೆ, ಐದೂ ಗುಂಡಿ ಹಾಕಿದೆ. ಕೊನೆಯ ಗುಂಡಿ ಗಂಟಲ ಹತ್ತಿರ. ಅವರು ಆರು ವರ್ಷದಲ್ಲಿ ಮೊದಲ ಸಲ ಸ್ವೆಟರ್ ಹಾಕಿ ಹೊಸ್ತಿಲು ದಾಟಿದರು.

ಬಸ್ಸಿನ ಸದ್ದು ದೂರವಾದ ಮೇಲೆ ನಾನು ಪೆಟ್ಟಿಗೆ ಕಟ್ಟಿದೆ. ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ, ಅಪ್ಪನ ಮನೆಗೆ. ಕಣ್ಣೀರು ಹಾಕಲಿಲ್ಲ. ಸೀರೆಗಳನ್ನು ಬೋರ್ಡಿಂಗಿನಲ್ಲಿ ಕಲಿಸಿದಂತೆ ನೀಟಾಗಿ ಮಡಿಸಿದೆ. ಮೊದಲನೆಯವಳಾಗಿಯೂ ಎರಡನೆಯವಳಂತೆ, ಬೇರೊಬ್ಬಳ ಕೂಸಿಗೆ ಕುಂಚಿಗೆ ಹೆಣೆದುಕೊಂಡು ಆ ಮನೆಯಲ್ಲಿ ಇರುವುದು ನನ್ನಿಂದ ಆಗುವುದಿಲ್ಲ ಎಂದು ನಿಚ್ಚಳವಾಗಿ ಗೊತ್ತಿತ್ತು.

ಮಧ್ಯಾಹ್ನದ ಬಸ್ಸು ಬರುವುದರೊಳಗೆ ಅತ್ತೆಯವರೇ ತಿರುಗಿ ಬಂದರು. ತುಕ್ಕಾನಟ್ಟಿಗೆ ಹೋಗಿ ಬರುವಷ್ಟು ಹೊತ್ತಾಗಿರಲಿಲ್ಲ. ನನ್ನ ಕೋಣೆಗೆ ಬಂದು, ಕಟ್ಟಿದ ಪೆಟ್ಟಿಗೆ ನೋಡಿ, ಅದರ ಬಾಜೂಕ್ಕೇ ನೆಲದ ಮೇಲೆ ಕೂತರು. ಗೋಕಾಕದಲ್ಲಿ ಬಸ್ಸು ಬದಲಿಸಲು ಇಳಿದಿದ್ದರಂತೆ. ಸ್ಟ್ಯಾಂಡಿನ ಬಿಸಿಲಲ್ಲಿ ಕಟ್ಟೆಯ ಮೇಲೆ ಕೂತಿದ್ದಾಗ ಗುರುತಿಲ್ಲದ ಹೆಂಗಸೊಬ್ಬಳು ಪಕ್ಕದಲ್ಲಿ ಬಂದು ಕೂತಳಂತೆ.

"ತೋಳ ಮುಟ್ಟಿ ನೋಡಿದ್ಳು. ಎಷ್ಟ ಚಂದ ಐತಿ, ಯಾರ ಹೆಣದಾರ್ರಿ ಅಂದ್ಳು. ನಮ್ಮ ಸೊಸಿ ಅಂದ್ನಿ. ಹೌದೇನ್ರಿ, ಈಗ ಎಲ್ಲಿಗೆ ಹೊಂಟೀರಿ ಅಂದ್ಳು." ಅತ್ತೆಯವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಏನ ಹೇಳಲಿ ಆಕಿಗೆ?"

ಆ ಸ್ಟ್ಯಾಂಡಿಗೆ ತುಕ್ಕಾನಟ್ಟಿಯ ಬಸ್ಸು ಬಂತು, ನಿಂತಿತು, ಹೋಯಿತು. ಇವರು ಎದ್ದು ಪೇಟೆಗೆ ನಡೆದರು. ಈಗ ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಪೆಟ್ಟಿಗೆಯ ಮೇಲೆ ಇಟ್ಟರು. ಬಿಚ್ಚಿದರೆ ಉಣ್ಣೆಯ ಲಡಿಗಳು. ಗಿಳಿಹಸಿರು. ಕಣ್ಣಿಗೆ ಹೊಡೆಯುವ, ಯಾವ ಕಾನ್ವೆಂಟಿನಲ್ಲೂ ಅಲೋ ಮಾಡದ ಹಸಿರು.

"ಪೆಟ್ಟಿಗಿ ಆಮ್ಯಾಲ ಕಟ್ಟೀಯಂತ," ಅಂದರು. "ಮೊದಲ ನನಗೊಂದು ಹೆಣಿ. ನಿಂದು ನಿನಗಿರಲಿ."

ಲಡಿಯನ್ನು ಎರಡೂ ಕೈಗೆ ಹಾಕಿಕೊಂಡು ಅವರು ಕೂತರು, ನಾನು ಎದುರು ಕೂತು ಉಂಡೆ ಸುತ್ತಿದೆ. ಬೆಳಗಾವಿಯ ಬಸ್ಸು ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಸ್ವೆಟರ್ ಮುಗಿದ ಎರಡೇ ದಿನಕ್ಕೆ ಆಯಿ ಸಿಟ್ಟಿನಿಂದ ಬಂದರು. ಅಲ್ಲಿ ಹುಡುಗಿಗೆ ಸೀರೆ ಉಡಿಸಿ, ಉಪ್ಪಿಟ್ಟು ಮಾಡಿ ಕಾದಿದ್ದರಂತೆ. ಬೆಳಗಿನ ಎಂಟು ಗಂಟೆ, ಓಣಿಯ ಹೆಂಗಸರೆಲ್ಲ ನೀರಿಗೆ ಹೊರಟ ಹೊತ್ತು. ಅತ್ತೆಯವರು ಬಾಗಿಲ ಕಟ್ಟೆಯ ಮೇಲೆ ಗಿಳಿಹಸಿರು ಸ್ವೆಟರ್ ತೊಟ್ಟು, ಬುಗುಡಿ ಝುಮಕಿಗಳ ಸಮೇತ ಕಿವಿಗೆ ನನ್ನ ಬಿಳಿ ಸ್ಕಾರ್ಫ್ ಬಿಗಿದು, ಎಲ್ಲರೂ ಕಾಣುವ ಹಾಗೆ ಕಾಲು ಇಳಿಬಿಟ್ಟು ಕೂತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ, ಬಾಗಿಲಿನಿಂದ ಎಲ್ಲವೂ ಕೇಳುತ್ತಿತ್ತು.

ಇದೇನು ಅವತಾರ ಎಂದು ಆಯಿ ಕೇಳಿದರು.

"ಬಾಣಂತಿ ಆಗೇನ್ರಿ ಅಕ್ಕಾರ. ಅವತ್ತ ಉಂಡಿ ಡಬ್ಬಿ ತಿರುಗಿ ಒಯ್ದ್ರಲ್ಲ, ಈಗ ತರ್ರಿ."

ಓಣಿಯಲ್ಲಿ ಕೊಡಗಳು ಕೆಳಗಿಳಿದವು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು.

"ಹುಚ್ಚ ಹಿಡದೈತೇನ ನಿನಗ? ಏನ ಹಡದಿ ಈ ವಯಸ್ಸಿನಾಗ?"

"ಹೆಣ್ಣ ಹಡದೇನಿ. ಇಪ್ಪತ್ತೆಂಟ ವರ್ಷದ್ದು. ಇಂಗ್ಲೀಷ ಓದತೈತಿ, ಸ್ವೆಟರ್ ಹೆಣೀತೈತಿ. ಒಳಗ ರೊಟ್ಟಿ ಬಡಿಯಾಕತ್ತೈತಿ, ಹೋಗಿ ಮಾರಿ ನೋಡ್ರಿ." ಇಷ್ಟರ ತನಕ ಅವರ ದನಿಯಲ್ಲಿ ನಗೆಯಿತ್ತು. ಮುಂದಿನ ಮಾತಿನಲ್ಲಿ ಇರಲಿಲ್ಲ. "ತುಕ್ಕಾನಟ್ಟಿಯವರಿಗೆ ಹೇಳಿ ಕಳಸ್ರಿ ಅಕ್ಕಾರ. ನಾವು ಬರಂಗಿಲ್ಲ."

ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ನನ್ನ ಎರಡೂ ಕೈ ಹಿಟ್ಟಿನಲ್ಲೇ ಇದ್ದವು.

ಆಮೇಲಿನ ಆ ಚಳಿಗಾಲಗಳು! ಎಷ್ಟು ಸುಖವಾಗಿದ್ದೆವು ನಾವಿಬ್ಬರು. ಮುಂದಿನ ವರ್ಷ ಓಣಿಯ ಮೂವರು ಹೆಂಗಸರು ಹೆಣಿಗೆ ಕಲಿಯಲು ಬಂದರು, ಕಡ್ಡಿ ಸಿಗದೆ ಸೈಕಲ್ಲಿನ ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ನಯ ಮಾಡಿಕೊಂಡರು. ನಾಲ್ಕೈದು ವರ್ಷದಲ್ಲಿ ನಮ್ಮ ಓಣಿಯಲ್ಲಿ ಸ್ವೆಟರ್ ಹಾಕಿದ ಹೆಂಗಸನ್ನು ಯಾರೂ ತಿರುಗಿ ನೋಡದಂತಾಯಿತು. ಅತ್ತೆಯವರು ಮಾತ್ರ ಹೆಣಿಗೆ ಕಲಿಯಲಿಲ್ಲ. ಆ ಕೆಲಸ ತಮ್ಮ ಮಗಳು ಮಾಡುತ್ತಾಳೆ ಎಂದು ಬಂದವರ ಮುಂದೆ ಆರಾಮಾಗಿ ಹೇಳುತ್ತಿದ್ದರು.

ಕಡಲೆ ಹುಳಿ ಹಿಡಿಯುವ ದಿನಗಳಲ್ಲಿ ಈಗ ಬೆಳಕಾಗುವ ಮುಂಚೆ ಓಡಿ ಬರುವ ಗಡಿಬಿಡಿ ಇರಲಿಲ್ಲ. ಗಡಿಗೆ ತುಂಬಿದ ಮೇಲೆ ಬದುವಿನಲ್ಲಿ ಕೂತು ಎಳೆಜೋಳದ ತೆನೆ ಸುಟ್ಟು, ಬಿಸಿ ಕಾಳನ್ನು ಅಂಗೈಯಲ್ಲಿ ತಿಕ್ಕಿ ಊದಿ ತಿನ್ನುತ್ತಿದ್ದೆವು. ಸೂರ್ಯ ಬಂದರೂ ಮಂಜು ಕದಲುತ್ತಿರಲಿಲ್ಲ. ಅತ್ತೆಯವರು ಹಸಿರು ತೋಳುಗಳನ್ನು ಎದೆಗೆ ಕಟ್ಟಿಕೊಂಡು, ಬಾಯಿಂದ ಹೊಗೆ ಬಿಟ್ಟು ಅದು ಕರಗುವುದನ್ನು ನೋಡುತ್ತ ಕೂಡುತ್ತಿದ್ದರು. ಒಮ್ಮೆ ನನ್ನ ಕಡೆ ತಿರುಗಿ, "ಇಷ್ಟ ದಿನ ಥಂಡಿ ನನ್ನ ತಿಂತಿತ್ತು. ಈಗ ನಾ ಥಂಡೀನ ತಿನ್ನಾಕತ್ತೇನಿ ನೋಡು" ಅಂದರು. ಐವತ್ತು ದಾಟಿದ ಹೆಂಗಸಿನ ಮುಖದಲ್ಲಿ ನಮ್ಮ ಬೋರ್ಡಿಂಗಿನ ಹುಡುಗಿಯರ ಮುಖ ಕಂಡಿತು.

ಆಯಿ ನಾಲ್ಕು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಐದನೇ ವರ್ಷ ಮೂಡಲಗಿಯಿಂದ ಬಂದವರೊಬ್ಬರ ಕೈಯಲ್ಲಿ ಎರಡು ದಾರದ ತುಂಡು ಕಳಿಸಿದರು. ಅದು ಅವರ ಮೊಣಕಾಲುಗಳ ಅಳತೆ. ಚಳಿಯಲ್ಲಿ ಬಹಳ ಬೇನೆ, ಮೊಣಕಾಲಿಗೆ ಹಾಕಿಕೊಳ್ಳುವಂಥದ್ದೇನಾದರೂ ಹೆಣೆಯಲು ಆಗುತ್ತದೆಯೇ ಎಂದು ಕೇಳಿದ್ದರು. ಅತ್ತೆಯವರು ದಾರವನ್ನು ಎತ್ತಿ ಹಿಡಿದು, ಎಡಗಾಲು ಬಲಗಾಲಿಗಿಂತ ದಪ್ಪ ಐತಲ್ಲ ಎಂದು ನಕ್ಕು ನಕ್ಕು ಸಾಕಾದರು.

ಈಗ ನಾನು ಗೋಕಾಕದಲ್ಲಿದ್ದೇನೆ. ನಮ್ಮವರೂ ಹೋದರು. ಸಂಜೆ ಹೈಸ್ಕೂಲಿನ ಹುಡುಗಿಯರು ಇಂಗ್ಲಿಷ್ ಕಲಿಯಲು ಬರುತ್ತಾರೆ, ದೀಪಾವಳಿ ಕಳೆಯುತ್ತಲೇ ಬಣ್ಣಬಣ್ಣದ ರೆಡಿಮೇಡ್ ಸ್ವೆಟರ್ ಹಾಕಿಕೊಂಡು. ಚೆಂದ ಇರುತ್ತವೆ. ಡಿಸೆಂಬರಿನಲ್ಲಿ ನಾನು ಈಗಲೂ ನಸುಕಿನಲ್ಲಿ ಎದ್ದು, ಎಲ್ಲ ತೊಟ್ಟು, ಬ್ರಿಜ್ಜಿನ ತನಕ ನಡೆಯುತ್ತೇನೆ. ಮೈ ಬೆಚ್ಚಗಿರುತ್ತದೆ, ಮೂಗಿನ ತುದಿ ತಣ್ಣಗಿರುತ್ತದೆ, ಎಲ್ಲ ಸರಿಯಾಗೇ ಇರುತ್ತದೆ. ಎಡಗಡೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು ನಡೆಯುವ ರೂಢಿ ಮಾತ್ರ ಹೋಗಿಲ್ಲ.

ಅತ್ತೆಯವರು ಹೋದದ್ದು ಚಳಿಗಾಲದಲ್ಲಲ್ಲ, ನೆಲ ಸುಡುವ ವೈಶಾಖದಲ್ಲಿ. ಮೂರು ದಿನದ ಜ್ವರ, ಅಷ್ಟೆ. ಹುಕ್ಕೇರಿಯ ದವಾಖಾನೆಯಿಂದ ಮನೆಗೆ ತಂದೆವು. ವಿಭೂತಿ ಹಚ್ಚಿ, ಹೂವು ಹಾಕಿ, ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಗಂಡಸರು ಹೊರಗೆ ಎಲ್ಲ ಸಿದ್ಧ ಮಾಡಿಕೊಂಡಿದ್ದರು. ನಮ್ಮ ಕಡೆ ತಾಯಿ ಸತ್ತರೆ ಹೆಣ್ಣುಮಕ್ಕಳು ಬಂದು ಮುಖ ನೋಡುವ ತನಕ ಎತ್ತುವುದಿಲ್ಲ. ಕ್ರಿಯೆಗೆಂದು ಹುಕ್ಕೇರಿಯಿಂದ ಬಂದಿದ್ದ ಅಯ್ಯನವರಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ಹೆಣ್ಣುಮಕ್ಕಳು ಯಾರ್ಯಾರು ಬರಬೇಕು, ಇನ್ನೂ ಎಷ್ಟು ಹೊತ್ತು ತಡೆಯಬೇಕು ಎಂದು ಕೇಳಿದರು. ನಮ್ಮವರು, ಅವ್ವನಿಗೆ ನಾನೊಬ್ಬನೇ ಎಂದು ಹೇಳಲು ಬಾಯಿ ತೆರೆದರು. ನಾನು ಹಿಂದೆ, ಸೊಸೆಯಂದಿರು ನಿಲ್ಲುವ ಕಡೆ, ಬಾಗಿಲ ಮೂಲೆಯಲ್ಲಿ ನಿಂತಿದ್ದೆ.

ಮೂಡಲಗಿಯಿಂದ ಜೀಪಿನಲ್ಲಿ ಬಂದಿದ್ದ ಆಯಿ ಮುಂದೆಯೇ ಕೂತಿದ್ದರು. ಎಂಬತ್ತು ದಾಟಿತ್ತು, ಕಣ್ಣು ಅಷ್ಟಕ್ಕಷ್ಟೆ. ಕೋಲು ಎತ್ತಿ ಗುಂಪಿನೊಳಗೆ ನನ್ನನ್ನು ಹುಡುಕಿದರು.

"ತಡಿಯೂದ ಬ್ಯಾಡ್ರಿ ಅಯ್ಯನವರ. ಮಗಳ ಇಲ್ಲೇ ಅದಾಳ," ಅಂದರು. ಆಮೇಲೆ ನನಗೆ, "ಬಾರವಾ, ಮುಂದ ಬಾ. ಹಿಂದ ಯಾಕ ನಿಂತಿ?"

ಜನ ಸರಿದು ದಾರಿ ಬಿಟ್ಟರು. ನಾನು ಮುಂದೆ ಹೋಗಿ ಅತ್ತೆಯವರ ಮುಖ ನೋಡಿದೆ. ಆಮೇಲೆ ಎತ್ತಿದರು.